ಮಿರ್ಲೆ ದಾರಿಯಲ್ಲಿ ಮಾತ್ರ ನಿಲ್ಲುವ ಗಾಡಿ

ಪೂರ್ತಿ ಕೆಟ್ಟುಹೋದ ಗಾಡಿಯಿಂದ ಯಾರ ಸಂಸಾರಕ್ಕೂ ತೊಂದರೆಯಿಲ್ಲ. ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ ಮುಂದೆ ನಿಲ್ಲಿಸಿ ಬಸ್ಸು ಹತ್ತಿದರೆ ಮುಗಿಯಿತು. ಒಂದು ದಿನ ಕೆಟ್ಟು ಆರು ದಿನ ನೆಟ್ಟಗಿರುವ ಗಾಡಿ ಇದೆಯಲ್ಲ, ಅದು ಮಾತ್ರ ಯಾರಿಗೂ ಬೇಡ. ಅದು ಕೆಟ್ಟಿದೆ ಎಂದು ನೀವು ಯಾರ ಮುಂದೆಯೂ ರುಜುವಾತು ಮಾಡಲಾರಿರಿ. ಮೆಕ್ಯಾನಿಕ್ ನಂಬುವುದಿಲ್ಲ, ಹೆಂಡತಿ ನಂಬುವುದಿಲ್ಲ, ಸ್ವಲ್ಪ ದಿನ ಕಳೆದರೆ ನಿಮ್ಮ ಮೇಲೆ ನಿಮಗೇ ಅನುಮಾನ ಶುರುವಾಗುತ್ತದೆ.

ನಾನು ಹುಣಸೂರಿನ ಒಂದು ಮರದ ಮಿಲ್ಲಿನಲ್ಲಿ ದಿಮ್ಮಿಗಳ ಸುತ್ತಳತೆ ಬರೆದುಕೊಳ್ಳುವ ಗುಮಾಸ್ತ. ನನ್ನ ಮೋಟಾರ್ ಬೈಕು ನನ್ನ ಮದುವೆಯ ವಾರಗೆಯದು. ಎರಡಕ್ಕೂ ಬಣ್ಣ ಹೋಗಿದೆ. ಸೋಮವಾರದಿಂದ ಶನಿವಾರದವರೆಗೆ ಮನೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಮನೆಗೆ ಒಮ್ಮೆಯೂ ಮುನಿಸಿಕೊಳ್ಳದೆ ಓಡಾಡುತ್ತಿತ್ತು. ಭಾನುವಾರ ಹೆಂಡತಿ ಸರೋಜಳನ್ನು ಹಿಂದೆ ಕೂರಿಸಿಕೊಂಡು ಕೆ.ಆರ್. ನಗರದ ಮೇಲೆ ಅವಳ ತವರು ಮಿರ್ಲೆಗೆ ಹೊರಟರೆ ಮಾತ್ರ ನಿಲ್ಲುತ್ತಿತ್ತು. ನಿಲ್ಲುವುದರಲ್ಲೂ ಎರಡು ಬಗೆ. ಒಮ್ಮೊಮ್ಮೆ ರಸ್ತೆಯ ಗುಂಡಿಗೆ ಇಳಿದ ತಕ್ಷಣ ದೀಪ ಆರಿದಂತೆ ಆಫ್ ಆಗುವುದು; ಸರೋಜ ಕೆಳಗಿಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಒಂದೇ ಒದೆತಕ್ಕೆ ಮತ್ತೆ ಸ್ಟಾರ್ಟ್. ಇನ್ನೊಮ್ಮೊಮ್ಮೆ ಚೆನ್ನಾಗಿ ಓಡುತ್ತಾ ಓಡುತ್ತಾ ದಮ್ಮು ಹತ್ತಿದವರ ಹಾಗೆ ಏದುಸಿರು ಬಿಟ್ಟು ನಿಲ್ಲುವುದು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಬೇಕಾದಷ್ಟಿದೆ. ಮುಚ್ಚಿ ಒದ್ದರೆ ಸ್ಟಾರ್ಟ್.

ಮುಚ್ಚಳ ತೆಗೆದು ಮುಚ್ಚಿದರೆ ವಾಸಿಯಾಗುವ ಕಾಯಿಲೆ ಯಾವುದಿದ್ದೀತು ಎಂದು ಸರೋಜ ಯೋಚಿಸಿದಳು. ಅವಳು ಅಂಗನವಾಡಿ ಕಾರ್ಯಕರ್ತೆ. ಹೊಟ್ಟೆನೋವು ಎನ್ನುವ ಮಕ್ಕಳಲ್ಲಿ ಯಾವುದಕ್ಕೆ ನಿಜವಾಗಿ ಹೊಟ್ಟೆ ನೋಯುತ್ತಿದೆ ಎಂದು ಮುಖ ನೋಡಿಯೇ ಹೇಳುವವಳು. ಗಾಡಿಯನ್ನು ನಾನೇ ಬೇಕೆಂದು ನಿಲ್ಲಿಸುತ್ತೇನೆ ಎಂದು ತೀರ್ಮಾನಿಸಿದಳು. ವಾಪಸ್ ಬರುವಾಗಲೂ ನಿಲ್ಲುತ್ತದಲ್ಲ ಎಂದು ನಾನು ವಾದಿಸಿದೆ. ಅನುಮಾನ ಬರಬಾರದು ಅಂತ ಬರುವಾಗಲೂ ನಿಲ್ಲಿಸುತ್ತೀನಂತೆ. ಆಮೇಲೊಂದು ಭಾನುವಾರ ಕೆ.ಆರ್. ನಗರ ದಾಟಿ ಗಾಡಿ ಮೂರನೇ ಸಲ ನಿಂತಾಗ ಅವಳು ದನಿ ಏರಿಸದೆ ಹೇಳಿದಳು:

"ನಮ್ಮೂರಿಗೆ ಬರಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯಿ ಬುಟ್ಟು ಹೇಳಿ. ಗಾಡಿ ಕೈಲಿ ಯಾಕೆ ಹೇಳಿಸ್ತೀರ?"

ನಾನು ಎದೆ ತಟ್ಟಿಕೊಂಡು ಅಲ್ಲ ಎನ್ನಬಹುದಿತ್ತು. ಆದರೆ ನಮ್ಮ ಮಾವನವರಿದ್ದಾರೆ. ಒಳ್ಳೆಯ ಮನುಷ್ಯ. ಅಳಿಯ ಕಾಲು ತೊಳೆದು ಜಗಲಿ ಮೇಲೆ ಕೂತ ಕೂಡಲೇ ನಾಲೆ ನೀರಿನ ಸರದಿ ವಿಷಯ ತೆಗೆಯುತ್ತಾರೆ. ಪಕ್ಕದ ಗದ್ದೆಯವನು ಯಾವಾಗಲೋ ತೂಬಿಗೆ ಕಲ್ಲು ಅಡ್ಡ ಇಟ್ಟದ್ದು, ಇವರು ಅದನ್ನು ತೆಗೆದದ್ದು, ಅವನು ಮತ್ತೆ ಇಟ್ಟದ್ದು. ಪ್ರತಿ ಭಾನುವಾರವೂ ಆ ಕಲ್ಲನ್ನು ಮೊದಲಿನಿಂದ ಇಟ್ಟು ಮೊದಲಿನಿಂದ ತೆಗೆಯಬೇಕು. ಇದನ್ನು ನಾನು ಮಿಲ್ಲಿನ ಗೆಳೆಯನೊಬ್ಬನಿಗೆ ಫೋನಿನಲ್ಲಿ ಹೇಳಿಕೊಂಡು ನಗುತ್ತಿದ್ದಾಗ ಸರೋಜ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಹೀಗಾಗಿ ನನ್ನ ಎದೆ ತಟ್ಟಿಕೊಳ್ಳುವಷ್ಟು ಗಟ್ಟಿಯಾಗಿರಲಿಲ್ಲ.

ಮುಂದಿನ ಭಾನುವಾರ ಅವಳು ಒಬ್ಬಳೇ ಬಸ್ಸಿನಲ್ಲಿ ಹೋದಳು. ಅದರ ಮುಂದಿನ ಭಾನುವಾರವೂ ಹೋದಳು. ನನಗೆ ಅನ್ನ ಸಾರು ಮಾಡಿಟ್ಟು, ಗಾಡಿ ಹುಷಾರು ಎಂದು ಮಾತ್ರ ಹೇಳಿ ಹೋದಳು. ಆ ಮಾತು ಅನ್ನದ ಜೊತೆ ಇಳಿಯಲಿಲ್ಲ. ಇನ್ನು ತಡ ಮಾಡಿದರೆ ಸಂಸಾರವೇ ಗ್ಯಾರೇಜಿಗೆ ಹೋದೀತು ಎಂದುಕೊಂಡು ಗಾಡಿಯನ್ನು ಮಾದೇಶನ ಅಂಗಡಿಗೆ ಒಯ್ದೆ.

ಮಾದೇಶ ನಮ್ಮ ಬೀದಿಯ ತುದಿಯಲ್ಲಿರುವ ಮೆಕ್ಯಾನಿಕ್, ಮಾತು ಕಡಿಮೆ. ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಬಸ್ ಸ್ಟ್ಯಾಂಡಿನ ಸುತ್ತ ಮೂರು ರೌಂಡು ಹೊಡೆದು ಬಂದು ಏನೂ ತೊಂದರೆ ಇಲ್ಲವೆಂದ. ಮಾರನೆಯ ದಿನ ಮತ್ತೆ ಹೋದೆ. ಮತ್ತೆ ರೌಂಡು ಹೊಡೆದ, ಮತ್ತೆ ಇಲ್ಲವೆಂದ. ಮೂರನೆಯ ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಡಾಕ್ಟರ ಹಾಗೆ ವಿಚಾರಿಸಿದ. ಎಲ್ಲಿ ನಿಲ್ಲುತ್ತದೆ, ಎಷ್ಟು ದೂರ ಓಡಿದ ಮೇಲೆ, ಒಬ್ಬರೇ ಹೋದಾಗ ಯಾವತ್ತಾದರೂ ನಿಂತಿದೆಯಾ. ಇಲ್ಲ ಎಂದೆ. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಬಹಳ ಹೊತ್ತು ಗಾಡಿಯನ್ನು ನೋಡಿದ.

"ಅಂಗಾರೆ ಅಕ್ಕಾರ್ನ ಒಂದ್ಸಲ ಕರ್ಕಂಡ್ ಬನ್ನಿ ಸಾ," ಎಂದ.

ಇದನ್ನು ಮನೆಯಲ್ಲಿ ಹೇಗೆ ಹೇಳುವುದು? ನೀನು ಕೂತರೆ ಗಾಡಿ ನಿಲ್ಲುತ್ತದಂತೆ, ಬಾ ಎನ್ನಲಾದೀತೆ? ಮಾದೇಶ ನಿನ್ನದೊಂದು ಸಾಕ್ಷಿ ಕೇಳುತ್ತಿದ್ದಾನೆ ಎಂದೆ. ಸಾಕ್ಷಿ ಎಂದ ಮೇಲೆ ಅವಳು ಒಲ್ಲೆ ಎನ್ನಲಿಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು, ಛತ್ರಿ ಹಿಡಿದು, ಪಂಚಾಯ್ತಿಗೆ ಬಂದವಳ ಹಾಗೆ ಬಂದಳು. ಮಾದೇಶ ಗಾಡಿಯನ್ನು ಜೋಡಿ ಸ್ಟ್ಯಾಂಡಿಗೆ ಹಾಕಿ, ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ಮಂಡಿಯೂರಿ ಕೂತ. ನಾನು ಮುಂದೆ ಕೂತೆ. ಗಾಡಿ ಗುಡುಗುಡು ಅನ್ನುತ್ತಿತ್ತು. ಸರೋಜ ಗಾಡಿ ಕುಲುಕುವಂತೆ ಹಿಂದೆ ಕೂತಳು. ಗಾಡಿ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಎದುರಿನ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡು ಈ ಕಡೆಗೇ ನೋಡುತ್ತಿದ್ದರು. ಕೊನೆಗೆ ಮಾದೇಶ ಸೀಟು ಬಿಚ್ಚಿ ಒಳಗಿನ ವೈರೊಂದನ್ನು ತೋರಿಸಿದ. ಸಿಪ್ಪೆ ಸವೆದು ತಾಮ್ರ ಕಾಣುತ್ತಿತ್ತು.

"ಅಕ್ಕ, ತೂಕದ್ದಲ್ಲ ಕಣಕ್ಕ," ಎಂದು ಮೊದಲು ಅವಳಿಗೇ ಹೇಳಿದ. "ಸೀಟಿನ ಕೆಳಗೆ ರಬ್ಬರ್ ಬುಶ್ಶೇ ಇಲ್ಲ. ಇಂದೆ ಯಾರ್ ಕುಂತ್ರೂ ಗಾಡಿ ಕುಲುಕಿದೇಟ್ಗೆ ಸೀಟು ಬಂದು ವೈರ್ ಅಮುಕ್ತದೆ, ಶಾರ್ಟ್ ಆಯ್ತದೆ. ಯಾರ್ ತೆಗೆದ್ರು ಸಾ ಇದ್ನ?"

ನಾನೇ. ಹಿಂದಿನ ಮಳೆಗಾಲದಲ್ಲಿ ಗಾಡಿಯ ಕಾಗದಪತ್ರ ನೆನೆಯದಿರಲೆಂದು ಸೀಟಿನ ಕೆಳಗೆ ಸೇರಿಸಲು ಹೋಗಿ, ಅಡ್ಡ ಬರುತ್ತಿದ್ದ ರಬ್ಬರುಗಳನ್ನು ಕಿತ್ತಿದ್ದೆ. ಅವನು ಅಷ್ಟಕ್ಕೆ ಬಿಡದೆ ಟ್ಯಾಂಕಿನ ಮುಚ್ಚಳವನ್ನೂ ತಿರುಗಿಸಿ ನೋಡಿದ. ಒಳಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ದುಂಡಗೆ ಕತ್ತರಿಸಿ ಅಂಟಿಸಿತ್ತು. ಅದೂ ನನ್ನದೇ ಕಲೆ, ಅದೇ ಮಳೆಯ ಕಾಲದ್ದು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದಂತೆ. ಅದು ಮುಚ್ಚಿಹೋದರೆ ದೂರ ಓಡಿದ ಮೇಲೆ ಪೆಟ್ರೋಲ್ ಇಳಿಯುವುದಿಲ್ಲವಂತೆ. ಮಿಲ್ಲಿಗೆ ಹೋಗುವಷ್ಟು ದೂರಕ್ಕೆ ಗೊತ್ತಾಗುತ್ತಿರಲಿಲ್ಲ. ಮಾದೇಶ ಆ ಪ್ಲಾಸ್ಟಿಕ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದರ ಮೇಲೆ ಇನ್ನೂ ಅರ್ಧ ಹಸುವಿನ ಚಿತ್ರವಿತ್ತು.

ಮನೆಗೆ ಬಂದ ಮೇಲೆ ಸರೋಜ ಕಾಫಿ ಕೊಟ್ಟು ಒಂದೇ ಪ್ರಶ್ನೆ ಕೇಳಿದಳು. "ಅಂಗಾದ್ರೆ ಗಾಡಿ ನಿಲ್ಸಿದ್ದು ನೀವೇ ತಾನೆ?" ಯಾವ ಕೋರ್ಟಿಗೆ ಹೋದರೂ ಅವಳೇ ಗೆಲ್ಲುತ್ತಿದ್ದಳು.

ಅದರ ಮರುಭಾನುವಾರ ಗಾಡಿ ಎಲ್ಲೂ ನಿಲ್ಲದೆ ಹತ್ತೂವರೆಗೆಲ್ಲ ಮಿರ್ಲೆ ಮುಟ್ಟಿತು. ಇಷ್ಟು ದಿನ ನಮ್ಮ ಗಾಡಿಯ ಲೆಕ್ಕಕ್ಕೆ ಊಟ ಎರಡು ಗಂಟೆಗೆ ಇಡುತ್ತಿದ್ದ ಅತ್ತೆ ಆಗಷ್ಟೇ ಒಲೆಗೆ ಬೇಳೆ ಇಟ್ಟಿದ್ದರು. ಮಾವನವರಿಗೆ ಪರಮಾನಂದ. ಆ ದಿನ ತೂಬಿನ ಕಲ್ಲನ್ನು ಎರಡು ಸಲ ಇಟ್ಟು ಎರಡು ಸಲ ತೆಗೆದರು.

ನನ್ನನ್ನು ಕಾಡಿದ್ದು ಆ ಕಲ್ಲಲ್ಲ. ದಾರಿಯುದ್ದಕ್ಕೂ ಸರೋಜ ಒಂದು ಮಾತೂ ಆಡಿರಲಿಲ್ಲ. ಹೆಲ್ಮೆಟ್ಟು, ಗಾಳಿ, ಇಂಜಿನ್ನಿನ ಸದ್ದು, ಆಡಿದರೂ ಕೇಳುತ್ತಿರಲಿಲ್ಲ. ಮೊದಲಾದರೆ ಗಾಡಿ ನಿಂತಾಗ ನಾಲೆ ಮೋರಿಯ ಮೇಲೆ ಕೂರುತ್ತಿದ್ದೆವು. ಐದು ನಿಮಿಷ ನನ್ನನ್ನು ಬೈದು, ಆಮೇಲೆ ತಮ್ಮನ ಮಕ್ಕಳಿಗೆಂದು ತಂದ ಕಡಲೆಕಾಯಿಯನ್ನು ನಾವೇ ತಿನ್ನುತ್ತಾ, ಅಂಗನವಾಡಿಯ ಯಾವ ಮಗು ಯಾರ ಮೊಟ್ಟೆ ಕದ್ದು ತಿಂದಿತು ಎಂದೆಲ್ಲ ಹೇಳುತ್ತಿದ್ದಳು. ಮನೆಯಲ್ಲಿ ವಾರವೆಲ್ಲ ಇಬ್ಬರಿಗೂ ಅಷ್ಟು ಪುರುಸೊತ್ತಿಲ್ಲ.

ಹೋದ ಭಾನುವಾರ ಕೆ.ಆರ್. ನಗರ ದಾಟಿ ನಾಲೆ ಕಾಣಿಸುತ್ತಲೇ ನನ್ನ ಎಡಗೈ ತಾನಾಗಿಯೇ ಕೆಳಗಿಳಿದು ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡಿತು. ಕಾರ್ಬೊರೇಟರ್‌ನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಗಾಡಿ ಇನ್ನಷ್ಟು ದೂರ ಓಡಿ, ಹೊಂಗೆ ಮರದ ನೆರಳನ್ನು ದಾಟಿ, ಸರಿಯಾಗಿ ಬಿಸಿಲಲ್ಲಿ ನಿಂತಿತು. ನಾನು ಇಳಿದು, ಬೆವರು ಸುರಿಸಿಕೊಂಡು, ನಾಲ್ಕೈದು ಸಲ ಒದ್ದೆ. ಸರೋಜ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬುಡಿ, ಸುಮ್ಕೆ ಒದೀಬೇಡಿ," ಎಂದಳು ಕನಿಕರದಿಂದ. "ಇವತ್ತು ಪಾಪ ನಿಜವಾಗ್ಲೂ ಕೆಟ್ಟೋಗದೆ. ನಿಮ್ಮ ಮುಖ ನೋಡಿದ್ರೇ ಗೊತ್ತಾಯ್ತದೆ."

ಅವಳು ಮೋರಿಯ ಕಡೆಗೆ ನಡೆಯುತ್ತಾ ಕಡಲೆಕಾಯಿಯ ಪೊಟ್ಟಣ ಬಿಚ್ಚಿದಳು. ನಾನು ತಲೆ ತಗ್ಗಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಬಹಳ ಹೊತ್ತು ಪರೀಕ್ಷೆ ಮಾಡಿದೆ.