ಕೊಟ್ಟಿಗಿ ಸಾಲಿಯ ಅಕ್ಕೋರು

ಬಡವರ ಮಕ್ಕಳಿಗಂತ ಸಾಲಿ ತಗದು ಕುಂತ ಮ್ಯಾಲೆ ನಗಾಕ ಬ್ಯಾರೆ ಕಡೆ ಹೋಗಬೇಕಾಗಿಲ್ಲ. ಮುಂಜಾನೆದ್ದು ಬಾಗಲಾ ತಗದರ ಸಾಕು, ಏನಾರ ಒಂದು ತಾನಾಗೇ ಒಳಗ ಬರತೈತಿ. ಐವತ್ತರ ದಶಕದಾಗ ರೋಣದ ಊರ ಹೊರಗ, ಖಾಲಿ ಬಿದ್ದ ದನದ ಕೊಟ್ಟಿಗ್ಯಾಗ ನಾನು ಇಂಥಾದೊಂದು ಸಾಲಿ ನಡಸ್ತಿದ್ದೆ. ಕೂಲಿಯವರ, ಕುರಿ ಕಾಯವರ, ಊರವರು ಮುಟ್ಟಿಸಿಕೊಳ್ಳದ ಕೇರಿಯವರ ಮಕ್ಕಳು. ಪಾಠಾ ಹೇಳೂ ಅಕ್ಕೋರು ನಾನ, ನಾನ ಕಸಾ ಹೊಡಿಯಾಕಿ, ಗಂಟಿ ಬಾರಸಾಕೀನೂ ನಾನ. ಗಂಟಿ ಅಂದ್ರ ಮುರದ ನೇಗಿಲಿನ ಕಬ್ಬಿಣದ ಕುಳ.

ಹುಟ್ಟಿದ ದಿನ

ಹೊಳೆಮಣ್ಣೂರಿಂದ ಕೂಲಿಗೆ ಬಂದಿದ್ದ ಒಬ್ಬಾಂವ ಮಗನ್ನ ಸಾಲಿಗೆ ಹಚ್ಚಾಕ ಕರಕೊಂಡು ಬಂದ. ಹುಡುಗ ಹುಟ್ಟಿದ್ದು ಯಾವಾಗ ಅಂತ ಕೇಳಿದೆ.

"ಹೊಳಿ ಊರಾಗ ಬಂದಿತ್ತಲ್ರಿ, ಆಗ."

"ಯಾವ ಸಲ ಬಂದಾಗ? ನಿಮ್ಮೂರಾಗ ಹೊಳಿ ಮ್ಯಾಲಿಂದ ಮ್ಯಾಲೆ ಬರತೈತಲ್ಲ."

ಅಂವ ಭಾಳ ಹೊತ್ತು ತಲಿ ಕೆರಕೊಂಡ. "ಅದ ತೊಂದರಿ ಆಗೇತ್ರಿ ಅಕ್ಕೋರ. ಹೊಳಿ ಬಂದಾಗೆಲ್ಲಾ ಇವರವ್ವ ಹಡದಾಳ."

ಆಡಿನ ಸಾಲಿ

ಇನ್ನೊಬ್ಬಾಂವ ಮಗಳನ್ನ ಕಳಸಾಕ ಒಲ್ಲೆ ಅಂದ. "ಅಕಿ ಸಾಲಿಗೆ ಬಂದ್ರ ಆಡು ಯಾರ ಕಾಯ್ತಾರ್ರಿ?"

ನಾನೂ ಹಟಮಾರಿ. "ಆಡೂ ಬರಲಿ, ಮೂಲ್ಯಾಗ ಕಟ್ಟೋಣು" ಅಂದೆ. ಬಂದ ದಿನಾನ ಅದು ನಾನು ಬರದು ಗ್ವಾಡಿಗೆ ಹಚ್ಚಿದ್ದ ಅಕ್ಷರಮಾಲಿ ತಿಂದು ಮುಗಿಸ್ತು. ಮಕ್ಕಳಿಗಿಂತ ಮೊದಲ ಅದರ ಹೊಟ್ಟ್ಯಾಗ ಅಕ್ಷರ ಬಿದ್ದುವು.

ಒಂದಿನ ಆ ಹುಡುಗಿ ಅಪ್ಪ ತಾನಽ ಆಡು ಹಿಡಕೊಂಡು ಬಾಗಲದಾಗ ನಿಂತಿದ್ದ. ಮಗಳೆಲ್ಲಿ ಅಂದೆ.

"ಅಕಿ ಹತ್ತಿ ಬಿಡಸಾಕ ಚಿಕ್ಕನರಗುಂದಕ್ಕ ಹೋಗ್ಯಾಳ್ರಿ. ಇದರ ಸಾಲಿ ಯಾಕ ತಪ್ಪಸೂದು ಅಂತ ತಂದೀನಿ."

ಹಾಲಿನ ಪುಡಿ

ಸರಕಾರದಿಂದ ಹಾಲಿನ ಪುಡಿ ಬಂತು. ನೀರಾಗ ಕಲಸಿ ಕೊಟ್ಟರ ಮಕ್ಕಳು ಸುಣ್ಣಾ ಕುಡದಂಗ ಮಾರಿ ಮಾಡ್ತಿದ್ದರು. ಮನ್ಯಾಗ ಬೆಲ್ಲಾ ಹಾಕ್ಕೊಂಡಾದ್ರೂ ಕುಡೀಲಿ ಅಂತ ಪುಡಿನ ಹಂಚಿಬಿಟ್ಟೆ.

ಆಮ್ಯಾಲೆ ತಪಾಸಣಿ ಸಾಹೇಬರು ಬಂದರು. ಸಾಲಿ ಉಳಿಯೂದು, ಮುಚ್ಚೂದು ಅವರ ಕೈಯಾಗಿತ್ತು. ಮುಂದ ಕುಂತಿದ್ದ ಸಣ್ಣ ಹುಡುಗಿಗೆ ಪ್ರೀತಿಲೆ ಕೇಳಿದರು, "ಹಾಲಿನ ಪುಡಿ ಚಲೋ ಐತೇನವಾ?"

"ಭಾಳ ಚಲೋ ಐತ್ರಿ. ರಂಗೋಲಿ ಎಳಿ ಸಣ್ಣಗ ಬೀಳತೈತಿ. ನಮ್ಮ ಓಣ್ಯಾಗ ಎಲ್ಲಾರೂ ಈಗ ಅದನ್ನ ಹಾಕ್ತಾರ. ಆದ್ರ ಬೆಕ್ಕು ಬಂದು ನೆಕ್ಕಿಬಿಡತಾವ್ರಿ."

ಸಾಹೇಬರು ನನ್ನ ಮಾರಿ ನೋಡಿದರು. ನಾನು ಮ್ಯಾಲೆ ಮಾಡಿನ ಕಡೆ ನೋಡಿದೆ. ಕಡೀಕ ಅವರು ಸಾವಕಾಶ ಕೇಳಿದರು, "ಬೆಕ್ಕಾದ್ರೂ ಮೈತುಂಬಿ ಅದಾವೇನವಾ?"

ಸಾಲಿ ಉಳೀತು.

ಎರಡು ಗಡಿಗಿ

ಗಜೇಂದ್ರಗಡದ ಒಬ್ಬ ಸಾವಕಾರರು ನಮಗ ಎರಡು ನೀರಿನ ಗಡಿಗಿ ದಾನಾ ಕೊಟ್ಟರು, ಒಂದು ಕೆಂಪು, ಒಂದು ಕರೀದು. ದಾನದ ಜೋಡಿ ಒಂದು ಕರಾರು: ಕೇರಿ ಮಕ್ಕಳು ಕರೀದರಾಗಿಂದ ಕುಡೀಬೇಕು, ಉಳದವರು ಕೆಂಪದರಾಗಿಂದ. ನನಗ ಸಿಟ್ಟು ನೆತ್ತಿಗೇರಿತು. ಆದರ ಕೊಟ್ಟಿಗಿ ಅವರ ಬೀಗರದು, ಮ್ಯಾಲೆ ಬ್ಯಾಸಗಿ ಬ್ಯಾರೆ. ಗಡಿಗಿ ಎರಡೂ ಇಟಗೊಂಡೆ, ಕರಾರು ಮಾತ್ರ ಮಕ್ಕಳಿಗೆ ಹೇಳಲಿಲ್ಲ. ಕರೀ ಗಡಿಗ್ಯಾಗ ನೀರು ಭಾಳ ತಣ್ಣಗಾಗತಿದ್ದುವು. ಎಲ್ಲಾರೂ ಅದಕ್ಕ ಮುಗಿಬಿದ್ದರು.

ಒಂದು ಮಧ್ಯಾಹ್ನ ಸಾವಕಾರರು ಮಕ್ಕಳಿಗೆ ಸದಾಚಾರದ ಮ್ಯಾಲೆ ಭಾಷಣಾ ಮಾಡಾಕ ಬಂದರು. ಬಸ್ಸಿಳದು ಬಿಸಲಾಗ ನಡದು ಬಂದು ಬೆವತು ನೀರಾಗಿದ್ದರು. ನಾನು ಏಳೂದರೊಳಗ ಕೇರಿಯ ಒಬ್ಬ ಹುಡುಗಿ ತಂಬಿಗಿ ತುಂಬಿ ತಂದು ಕೈಯಾಗ ಕೊಟ್ಟಳು. ಅವರು ಯಾರು ಕೊಟ್ಟರಂತ ನೋಡದಽ ಗಟಗಟ ಕುಡದು, ಮೀಸಿ ಒರಸಿಕೊಂಡು, "ನಮ್ಮ ಮನ್ಯಾಗೂ ಇಷ್ಟು ತಣ್ಣಗಿನ ನೀರಿಲ್ಲ. ನೋಡಿದ್ರ್ಯಾ ಅಕ್ಕೋರ, ಕೆಂಪು ಗಡಿಗಿ ಗುಣಾ" ಅಂದರು.

"ಇದು ಕರೀದರಾಗಿಂದ್ರಿ" ಅಂದಳು ಹುಡುಗಿ. "ನಾವೆಲ್ಲಾರೂ ಇದನ್ನ ಕುಡಿಯೂದು. ಕೆಂಪದರಾಗಿನ ನೀರು ಬರಿಯೂ ಪಾಟಿ ತೊಳಿಯಾಕ ಇಟ್ಟೇವ್ರಿ."

ಇವತ್ತಿಗೆ ನಮ್ಮ ಸಾಲಿ ಮುಚ್ಚಿತು ಅಂದಕೊಂಡೆ. ಸಾವಕಾರರು ಖಾಲಿ ತಂಬಿಗ್ಯಾಗ ಇಣಕಿ ನೋಡಿದರು. ಹೊರಗಿನ ಬಿಸಲು ನೋಡಿದರು. ಜೋಡಿ ಬಂದಿದ್ದ ಆಳು ಬೇವಿನ ಗಿಡದ ಕೆಳಗ ಮಲಗ್ಯಾನೋ ಇಲ್ಲೋ ನೋಡಿದರು. ಮಲಗಿದ್ದ.

ಆಮ್ಯಾಲೆ ತಂಬಿಗಿ ಮುಂದ ಚಾಚಿದರು.

"ಹ್ಯಾಂಗೂ ಕುಡದಾಗೇತಿ. ಇನ್ನೊಂದು ತಂಬಿಗಿ ತಾ."