ಅಜ್ಜಿಯ ತೋಳಿಗೆ ಹೋದ ನನ್ನ ಸೂಜಿ

ಚಿಯಾಯಿ, ತೈವಾನ್
ಆಗಸ್ಟ್ ೨೦೨೧

ಮೂಲೆ ಅಂಗಡಿಯಲ್ಲಿ ಚಹಾದಲ್ಲಿ ಬೇಯುವ ಮೊಟ್ಟೆಗಳ ಪಾತ್ರೆಗೂ ಛತ್ರಿ ಬುಟ್ಟಿಗೂ ನಡುವೆ ಹಗಲಿರುಳು ನಿಂತು ಜನಸೇವೆ ಮಾಡುತ್ತಿರುವ ಮಾನ್ಯ ಯಂತ್ರ ಮಹಾಶಯರೇ,

ತಮ್ಮ ಪರದೆಗೆ ಧೂಳು ಸೋಕದಿರಲಿ, ತಮ್ಮ ಕಾಗದದ ಸುರುಳಿ ಎಂದೂ ಮುಗಿಯದಿರಲಿ ಎಂದು ಹಾರೈಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇಂಡೋನೇಷ್ಯಾದ ಪೊನೊರೊಗೊ ಕಡೆಯವಳು, ಒಂಬತ್ತು ವರ್ಷಗಳಿಂದ ಇದೇ ಗಲ್ಲಿಯ ಎಂಬತ್ತೆಂಟರ ಚಿಯು ಅಜ್ಜಿಯನ್ನು ನೋಡಿಕೊಳ್ಳುತ್ತಿರುವವಳು. ಈ ಒಂಬತ್ತು ವರ್ಷಗಳಲ್ಲಿ ನನಗೆ ಯಾವುದು ಬೇಕೆಂದು ಕೇಳಿದ ಮೊದಲಿಗರು ತಾವು. ಹೆಸರು ನೋಂದಾಯಿಸಲು ಬಂದವಳ ಮುಂದೆ ಕೊರೋನಾ ಲಸಿಕೆಗಳ ಪಟ್ಟಿಯನ್ನೇ ಇಟ್ಟು, ಒಪ್ಪಿಗೆಯಾದುದಕ್ಕೆ ಗುರುತು ಹಾಕಿ ಎಂದಿರಿ.

ನನಗೆ ಹೊರದೇಶದ ಲಸಿಕೆ ಬೇಕಿತ್ತು, ಸೊಕ್ಕಿನಿಂದಲ್ಲ. ನನ್ನ ಅಮ್ಮ ತೀರಿಕೊಂಡಾಗ ಚಿಯು ಅಜ್ಜಿ ಆಸ್ಪತ್ರೆಯಲ್ಲಿದ್ದರು, ನಾನು ಊರಿಗೆ ಹೋಗಲಿಲ್ಲ. ಬರುವ ನವೆಂಬರಿಗೆ ಅಮ್ಮ ಹೋಗಿ ಸಾವಿರ ದಿನ. ನಮ್ಮಲ್ಲಿ ಅಂದೇ ಸಮಾಧಿಗೆ ಕಲ್ಲಿಡುವುದು. "ನಮ್ ಸರ್ಕಾರದ ಪಟ್ಟೀಲಿ ಇಲ್ದಿರೋದನ್ನ ಚುಚ್ಚಿಸ್ಕೊಂಡು ಬಂದ್ರೆ ಒಳಗೇ ಬಿಡಲ್ವಂತೆ ಕಣೇ, ನೋಡ್ಕೊಂಡು ತಗೋ" ಎಂದು ಅಕ್ಕ ಫೋನಿನಲ್ಲಿ ಎಚ್ಚರಿಸಿದ್ದಳು. ತೈವಾನಿನಲ್ಲೇ ತಯಾರಾದ ಲಸಿಕೆ ಆ ಪಟ್ಟಿಯಲ್ಲಿರಲಿಲ್ಲ.

ಅಜ್ಜಿಯ ಪಟ್ಟು ಬೇರೆ: "ನಮ್ ನೆಲದ ಸೂಜೀನೇ ನಂಗೆ. ಹೊರಗಿನದಕ್ಕೆ ತೋಳೇ ಕೊಡಲ್ಲ ನೋಡು." ಇಬ್ಬರ ಆರೋಗ್ಯ ಕಾರ್ಡುಗಳೂ ಸದಾ ನನ್ನ ಒಂದೇ ಚೀಲದಲ್ಲಿರುತ್ತವೆ. ಸರದಿಯಲ್ಲಿ ಹಿಂದೆ ನಿಂತಿದ್ದ ಮೀನಿನಂಗಡಿಯಾಕೆ "ಬೇಗ ಒತ್ತೇ ತಾಯಿ, ಮದುವೆಗೆ ಗಂಡು ಆರಿಸ್ತಿದ್ದೀಯಾ?" ಎಂದು ಅವಸರಪಡಿಸಲು, ನಾನು ಅಜ್ಜಿಯ ಕಾರ್ಡು ತೂರಿಸಿ ನನ್ನ ಆಸೆಯನ್ನೂ, ನನ್ನ ಕಾರ್ಡು ತೂರಿಸಿ ಅಜ್ಜಿಯ ಹಟವನ್ನೂ ದಾಖಲಿಸಿದೆ. ತಪ್ಪು ನನ್ನದೇ. ಎರಡು ಸಲವೂ ಧನ್ಯವಾದ ಹೇಳಿದ ಸೌಜನ್ಯ ಮಾತ್ರ ತಮ್ಮದು.

ಲಸಿಕೆ ಶಿಬಿರದ ನರ್ಸಮ್ಮ, "ಅದಲುಬದಲು ಆಗಲ್ಲಮ್ಮ, ಬೇಡಾಂದ್ರೆ ಮತ್ತೆ ಹೆಸರು ಬರೆಸಿ ತಿಂಗಳುಗಟ್ಲೆ ಸರದಿ ಕಾಯಿರಿ" ಎಂದರು. ಲಸಿಕೆಯಿಲ್ಲದವಳನ್ನು ಅಜ್ಜಿಯ ಡಯಾಲಿಸಿಸ್ ಕೋಣೆಗೆ ಬಿಡುವುದಿಲ್ಲ. ವಾರಕ್ಕೆ ಮೂರು ದಿನ ಅಲ್ಲಿ ಅವರ ಕೈ ಹಿಡಿದು ಕೂರಲು ನನ್ನನ್ನು ಬಿಟ್ಟು ಇನ್ನೊಬ್ಬರಿಲ್ಲ. ನಾನು ತೋಳು ಚಾಚಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದು, ಆಮೇಲೆ ತಾವೂ ಚಾಚಿದರು.

ರೈಲು ಟಿಕೆಟ್ಟು, ಕರೆಂಟು ಬಿಲ್ಲು, ಪಾರ್ಸಲ್ಲು ಎಲ್ಲವನ್ನೂ ನಿಭಾಯಿಸುವ ತಾವು, ನನ್ನ ಅಮ್ಮನ ಸಾವಿರ ದಿನವನ್ನು ಸಾವಿರದ ಇನ್ನೂರಕ್ಕೆ ಮುಂದೂಡಿ ರಸೀದಿ ಕೊಡಬೇಕಾಗಿ ವಿನಂತಿ. ಅದಾಗದಿದ್ದರೆ ನನ್ನ ತೋಳಿನೊಳಗಿರುವುದನ್ನು ಪಾರ್ಸಲ್ ವಾಪಸಾತಿಯಡಿ ಸ್ವೀಕರಿಸಬೇಕು. ಅಮ್ಮನನ್ನು ಮಣ್ಣು ಮಾಡುವಾಗ ನಾನಿರಲಿಲ್ಲ, ಕಲ್ಲಿಡುವಾಗಲೂ ಇರುವುದಿಲ್ಲ. ಅದಕ್ಕೆ ತಮ್ಮಲ್ಲಿ ಒತ್ತುವ ಗುಂಡಿಯಿಲ್ಲವೆಂದು ಬಲ್ಲೆ.

ಸರದಿ ತಪ್ಪದೆ ನಿಲ್ಲುವ, ತಮ್ಮ ವಿಶ್ವಾಸಿ,
ವಿಜಿ ರಹಾಯು

ಮರೆತ ಮಾತು: ಮನೆಗೆ ಬಂದು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅಜ್ಜಿ, "ನಿಮ್ಮೂರಿಗೆ ನಡೆಯೋ ಸೂಜಿ ನಂಗೆ ತಾನೇ ಬಿದ್ದಿರೋದು? ನಾನೇ ಹೋಗಿ ಕಲ್ಲಿಟ್ಟು ಬರ್ತೀನಿ ಬಿಡೇ. ನಿಮ್ಮಮ್ಮಂಗೆ ಯಾವ ಹೂವು ಇಷ್ಟ?" ಎಂದರು. ಸಂಪಿಗೆ ಎಂದೆ. ವಿಮಾನವನ್ನು ಹತ್ತಿರದಿಂದಲೂ ಕಾಣದ ಅವರು ನಾಳೆ ಟಿಕೆಟ್ಟಿಗೆ ತಮ್ಮಲ್ಲಿಗೆ ಬರುತ್ತಾರೆ. ಆಗದು ಎಂದು ಹೇಳುವ ಕೆಲಸ ತಮಗೇ ಇರಲಿ, ನನ್ನಿಂದಾಗಲಿಲ್ಲ.