ಸೀಮೆ ದಾಟಿದ ಸ್ಪೋರ್ಟ್ಸ್ ಕಾರು

ವಸ್ತು ಒಡೆಯನದೋ, ಒಡೆಯ ವಸ್ತುವಿನವನೋ ಎಂಬ ಪ್ರಶ್ನೆ ವೇದಾಂತಿಗಳನ್ನು ಬಹುಕಾಲದಿಂದ ಕಾಡಿದೆ. ಅವರಲ್ಲಿ ಯಾರೂ ಸ್ಪೋರ್ಟ್ಸ್ ಕಾರು ಕೊಳ್ಳಲಿಲ್ಲವಾದ್ದರಿಂದ ಅದು ಇತ್ಯರ್ಥವಾಗದೆ ಉಳಿಯಿತು. ನಾನು ಕೊಂಡೆ. ಸಿಂದಗಿಯಲ್ಲಿ ವಕೀಲಿ ಮಾಡುವ, ಸೊಂಟನೋವಿನ ಮನುಷ್ಯನಿಗೆ ಅದೇಕೆ ಬೇಕಿತ್ತು ಎಂದು ಕೇಳಬೇಡಿ. ಚಡಚಣದ ದ್ರಾಕ್ಷಿ ವ್ಯಾಪಾರಿಯೊಬ್ಬ ಅದನ್ನು ಮುಂಬೈಯಿಂದ ತರಿಸಿ, ಬೇಸತ್ತು, ಮಾರಲು ನಿಂತಿದ್ದ. ಬೇಸತ್ತದ್ದೇಕೆಂದು ನಾನು ಕೇಳಲಿಲ್ಲ. ದಿನವಿಡೀ ಸಾಕ್ಷಿಗಳನ್ನು ಪ್ರಶ್ನಿಸುವವನಿಗೆ ಸ್ವಂತ ವ್ಯವಹಾರದಲ್ಲಿ ಆ ಚಟ ಇರುವುದಿಲ್ಲ.

ಕೆಂಪು ಬಣ್ಣ, ಎರಡೇ ಸೀಟು, ಎಂಜಿನ್ ಹಿಂದೆ, ಸಾಮಾನಿಡುವ ಜಾಗ ಮುಂದೆ. ಇಂಡಿ ರಸ್ತೆಯ ಪ್ರತಿ ತಗ್ಗನ್ನೂ ಅದು ಹೊಟ್ಟೆಯಿಂದಲೇ ಅಳೆಯಿತು. ಮುದ್ದೇಬಿಹಾಳ ಕೋರ್ಟಿಗೆ ಎರಡು ಸಲ ಕಾರಿನಲ್ಲಿ ಹೊರಟು ಎರಡು ಸಲವೂ ಬಸ್ಸಿನಲ್ಲಿ ತಲುಪಿದೆ. ಆದರೂ ಒಂದು ಬೆಳಿಗ್ಗೆ, ಹನ್ನೆರಡು ನಿಮಿಷ, ಅದು ನಿಜಕ್ಕೂ ಓಡಿತ್ತು. ಆ ಹನ್ನೆರಡು ನಿಮಿಷಕ್ಕಾಗಿ ಉಳಿದದ್ದೆಲ್ಲವನ್ನೂ ಕ್ಷಮಿಸಿದ್ದೆ. ಹೆಂಡತಿ ಗಂಗಾ ಕ್ಷಮಿಸಿರಲಿಲ್ಲ. ಎಲ್ಲರೂ ಬನ್ನಿ ತರಲು ಊರ ಸೀಮೆ ದಾಟುವ ವಿಜಯದಶಮಿಯಂದು ಕಾರೂ ದಾಟಿದರೆ ಇರಲಿ, ಇಲ್ಲದಿದ್ದರೆ ಮಾರಬೇಕು ಎಂದು ತೀರ್ಪು ಕೊಟ್ಟಳು.

ಹಿಂದಿನ ದಿನ ಖಂಡೇಪೂಜೆ. ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ನಮ್ಮಲ್ಲಿ ಎಲ್ಲವನ್ನೂ ತೊಳೆದೇ ಪೂಜಿಸುವುದು. ಎಂಜಿನ್ನಿನ ಮುಚ್ಚಳ ತೆಗೆದು, ಎತ್ತಿನ ಮೈ ತೊಳೆದ ಹಾಗೆ, ಸಂದುಸಂದಿಗೂ ನಾಲ್ಕು ಕೊಡ ನೀರು ಹೊಯ್ದೆ. ನೋಡಿದವರು ಯಾರೂ ಇರಲಿಲ್ಲ.

ಮರುದಿನ ಕಾರು ಕೆಮ್ಮಲೂ ಇಲ್ಲ. ಟ್ರ್ಯಾಕ್ಟರ್ ಮೇಸ್ತ್ರಿ ಮೆಹಬೂಬಸಾಬ್ ಬಂದು ಮುಂದಿನ ಮುಚ್ಚಳ ತೆಗೆದು, ಎಂಜಿನ್ನೇ ಕಳುವಾಗಿದೆ ಎಂದು ಗಾಬರಿಯಾದರು. ಆಮೇಲೆ ಹಿಂದೆ ಬಗ್ಗಿ ಕೈಹಾಕಿದರು.

"ವಕೀಲ ಸಾಹೇಬ್ರ, ಇದಕ್ಕ ನೀರು ಹಾಕಿದವ್ರು ಯಾರ್ರಿ?"

ಮಂಜು ಬಿದ್ದಿರಬೇಕು ಎಂದೆ.

"ಹಂಗಾರ ಕೊಡಗಟ್ಲೆ ಬಿದ್ದೈತಿ ಬಿಡ್ರಿ."

ಗಂಗಾ ಹಗ್ಗದ ಮೇಲೆ ಒಣಗುತ್ತಿದ್ದ, ಎಣ್ಣೆ ಕಲೆಯಾದ ನನ್ನ ಧೋತರವನ್ನು ನೋಡುತ್ತಿದ್ದಳು.

ಕಡೆಗೆ ಪಕ್ಕದ ಮನೆಯ ಸಾಯಬಣ್ಣನ ಎತ್ತುಗಳನ್ನು ಕಾರಿಗೆ ಹೂಡಿದೆವು. ನಾನು ಒಳಗೆ ಗಂಭೀರವಾಗಿ ಸ್ಟೀರಿಂಗ್ ಹಿಡಿದು ಕೂತೆ. ಸೀಮೆಯಾಚೆ ಜನ ಬನ್ನಿ ಕೊಟ್ಟದ್ದು ಮೊದಲು ಸಾಯಬಣ್ಣನಿಗೆ, ಆಮೇಲೆ ಎತ್ತುಗಳಿಗೆ, ಉಳಿದದ್ದು ನನಗೆ.

ಹೇಗೆ ದಾಟಬೇಕೆಂದು ಷರತ್ತಿನಲ್ಲಿ ಇರಲಿಲ್ಲವೆಂದು ಮನೆಯಲ್ಲಿ ವಾದ ಹೂಡಿದೆ.

"ದಾಟೇತಿ, ಖರೆ," ಎಂದಳು ಗಂಗಾ. "ಬಾಗೇವಾಡಿಗೆ ನಮ್ಮವ್ವನ್ನ ನೋಡಾಕ ಹೋಗೂದಿದ್ರ ಎತ್ತು ಸಾಕಲ್ರಿ, ಹಿಂದ ಇದನ್ಯಾಕ ಕಟ್ಟಬೇಕು?"

ಕಾರು ಮಾರಿದೆವು. ಈಗ ಮನೆಯಲ್ಲಿ ಒಂದು ಹಳೆಯ ಜೀಪಿದೆ. ಖಂಡೇಪೂಜೆಗೆ ಅದನ್ನು ಗಂಗಾ ತೊಳೆಯುತ್ತಾಳೆ.